ಸೈದ್ಧಾಂತಿಕ ಕಣಭೌತವಿಜ್ಞಾನಿಯ ವೃತ್ತಿಜೀವನ ಹೇಗೆ ಸಾಗುತ್ತದೆ?

ಪಿಎಚ್‌ಡಿ ಮುಗಿದ ಕೂಡಲೇ ಕಾಯಂ ಹುದ್ದೆ ಸಿಗುವುದು ತೀರಾ ಅಪರೂಪ. ಎರಡು-ಮೂರು ವರ್ಷದ ತಾತ್ಕಾಲಿಕ ಸಂಶೋಧನಾ ಹುದ್ದೆ, ಅಂದರೆ ಪೋಸ್ಟ್‌ಡಾಕ್, ಅದು ಮುಗಿಯುವಷ್ಟರಲ್ಲಿ ಇನ್ನೊಂದು, ಕೆಲವರಿಗೆ ಮೂರನೆಯದು. ಪ್ರತಿ ಸಲವೂ ಊರು, ಎಷ್ಟೋ ಸಲ ದೇಶವೇ ಬದಲು. ಸೇರಿ ವರ್ಷ ಕಳೆಯುತ್ತಲೇ ಮುಂದಿನ ಅರ್ಜಿ ಬರೆಯಲು ಕೂರಬೇಕು. ನನ್ನ ಪ್ರಕಾರ ಈ ವೃತ್ತಿಯಲ್ಲಿ ಗಣಿತಕ್ಕಿಂತ ಈ ಅಲೆದಾಟವೇ ಕಷ್ಟ.

ಕೆಲಸಕ್ಕೆ ಬೇಕಾದದ್ದು ಕರಿಹಲಗೆ, ಕಂಪ್ಯೂಟರ್, ವಾದಕ್ಕೆ ಸಿಗುವ ಒಬ್ಬಿಬ್ಬರು ಸಹೋದ್ಯೋಗಿಗಳು. ಬರೆದ ಪ್ರಬಂಧ ಮೊದಲು ಆರ್ಕೈವ್ (arXiv) ಎಂಬ, ಯಾರು ಬೇಕಾದರೂ ಓದಬಹುದಾದ ಜಾಲತಾಣಕ್ಕೆ ಹೋಗುತ್ತದೆ, ವಿಜ್ಞಾನ ಪತ್ರಿಕೆಗೆ ಆಮೇಲೆ.

ಫಲ ಕಾಣಲು ಮಾತ್ರ ಬಹಳ ತಾಳ್ಮೆ ಬೇಕು. ಬ್ರಿಟಿಷ್ ಭೌತವಿಜ್ಞಾನಿ ಪೀಟರ್ ಹಿಗ್ಸ್ ಅವರನ್ನೇ ನೋಡಿ. 1954ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಪಿಎಚ್‌ಡಿ, 1960ರಿಂದ ಎಡಿನ್‌ಬರೋದಲ್ಲಿ ಉಪನ್ಯಾಸಕ. 1964ರಲ್ಲಿ, ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬರುತ್ತದೆ ಎಂಬ ತಮ್ಮ ಸಿದ್ಧಾಂತದ ಬಗ್ಗೆ ಬರೆದ ಎರಡನೇ ಪ್ರಬಂಧವನ್ನು ಒಂದು ಪತ್ರಿಕೆ ತಿರಸ್ಕರಿಸಿತು. ಅವರು ಕೊನೆಗೆ ಒಂದಿಷ್ಟು ಸೇರಿಸಿ ಬೇರೆ ಪತ್ರಿಕೆಗೆ ಕಳಿಸಿದರು. ಹೊಸ ಕಣವೊಂದರ (ಈಗಿನ ಹೆಸರು ಹಿಗ್ಸ್ ಬೋಸಾನ್) ಮಾತು ಬಂದದ್ದು ಆ ಸೇರ್ಪಡೆಯಲ್ಲೇ! 1980ರಲ್ಲಿ ಪ್ರಾಧ್ಯಾಪಕ, 1996ರಲ್ಲಿ ನಿವೃತ್ತಿ. 2012ರ ಜುಲೈ 4ರಂದು ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್ ಆ ಕಣ ಸಿಕ್ಕ ಸುದ್ದಿ ಪ್ರಕಟಿಸಿದಾಗ ಅವರಿಗೆ 83 ವರ್ಷ. ಸಭಾಂಗಣದಲ್ಲಿ ಕೂತಲ್ಲೇ ಕಣ್ಣೊರೆಸಿಕೊಂಡರು. ಮರುವರ್ಷ, ಇದೇ ವಿಚಾರವನ್ನು ಸ್ವತಂತ್ರವಾಗಿ ಮಂಡಿಸಿದ್ದ ಬೆಲ್ಜಿಯಂನ ಫ್ರಾಂಸ್ವಾ ಎಂಗ್ಲೇರ್ ಜೊತೆ ನೊಬೆಲ್ ಬಂತು.