ಸಾರಿನಲ್ಲಿ ಮಾತ್ರೆ ಬೆರೆಸಬೇಡಿ

ಪ್ರಶ್ನೆ: ಹನ್ನೆರಡು ವರ್ಷ ಕುಡಿದ ನನ್ನ ಪತಿ ಮದ್ಯವರ್ಜನ ಶಿಬಿರಕ್ಕೆ ಸೇರಿ, ಈಗ 8 ತಿಂಗಳಿಂದ ಮುಟ್ಟಿಲ್ಲ. ಆದರೂ ಅವರು ಬರುವುದು ಅರ್ಧ ಗಂಟೆ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಬಾಗಿಲಲ್ಲೇ ಬಾಯಿಯ ವಾಸನೆ ನೋಡುತ್ತೇನೆ, ಅವರು ಮಲಗಿದ ಮೇಲೆ ಸ್ಕೂಟರಿನ ಡಿಕ್ಕಿ ತಡಕುತ್ತೇನೆ. ಮೊನ್ನೆ, ‘ಇನ್ನೂ ಎಷ್ಟು ದಿನ ನನ್ನನ್ನು ಕಳ್ಳನ ಹಾಗೆ ನೋಡುತ್ತೀ?’ ಎಂದು ಊಟ ಬಿಟ್ಟು ಎದ್ದರು. ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಸಾರಿಗೆ ಬೆರೆಸು ಎನ್ನುತ್ತಾರೆ ನನ್ನ ಓರಗಿತ್ತಿ. ಏನು ಮಾಡಲಿ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ವಿಷಯ. ದಯವಿಟ್ಟು ಬೆರೆಸಬೇಡಿ. ಓರಗಿತ್ತಿ ಹೇಳುತ್ತಿರುವುದು ಬಹುಶಃ ಡೈಸಲ್ಫಿರಾಮ್. ದೇಹದಲ್ಲಿ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮುಂದೆ ಕರಗದಂತೆ ಅದು ತಡೆಯುವುದರಿಂದ, ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ಎದೆಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ಹೊಟ್ಟೆ ಸೇರಿರುವುದನ್ನೇ ಅರಿಯದವರು ಒಂದು ದಿನ ಎಡವಿದರೆ ಪ್ರಾಣಕ್ಕೆ ಸಂಚಕಾರ ಬರಬಹುದು. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ ಕೂಡ ತೊಂದರೆ ತರಬಲ್ಲದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಉಳಿಯುತ್ತದೆ. ಇದು ಎಂದಾದರೂ ಬಯಲಾದರೆ, ಮನೆಯಲ್ಲಿ ಸುಳ್ಳಾಡಿದವರು ಅವರೊಬ್ಬರೇ ಎನ್ನುವಂತಿರುವುದಿಲ್ಲ. ಇದೇ ಮಾತ್ರೆಯನ್ನು ವೈದ್ಯರು ಪರೀಕ್ಷಿಸಿ, ಪತಿಯ ಒಪ್ಪಿಗೆಯಿಂದ ಬರೆದುಕೊಟ್ಟರೆ ಮಾತು ಬೇರೆ: ಬೆಳಗಿನ ಕಾಫಿಯ ಹೊತ್ತಿಗೆ ಅವರೇ ನಿಮ್ಮೆದುರು ನುಂಗುವುದು ದಿನಕ್ಕೊಂದು ಸಾಕ್ಷಿಯಾಗುತ್ತದೆ.

ಇನ್ನು ನಿಮ್ಮ ಅನುಮಾನ. ಹೆಂಡತಿಯ ಮೂಗು ಪೊಲೀಸರ ಯಂತ್ರಕ್ಕಿಂತ ಚುರುಕು ಎಂದು ನಗುವವರಿದ್ದಾರೆ. ಆ ಮೂಗನ್ನು ಚುರುಕು ಮಾಡಿದ್ದು ಹನ್ನೆರಡು ವರ್ಷದ ಸುಳ್ಳುಗಳೆಂಬುದನ್ನು ಅವರು ಮರೆಯುತ್ತಾರೆ. ಕುಡಿತ ಬಿಟ್ಟು 12 ತಿಂಗಳು ತುಂಬುವವರೆಗಿನ ಕಾಲವನ್ನು ವೈದ್ಯರೂ ಚೇತರಿಕೆಯ ಆರಂಭದ ಘಟ್ಟವೆಂದೇ ಎಣಿಸುತ್ತಾರೆ. ಹಾಗಾಗಿ ನಿಮ್ಮ ಭಯ ಅಸಹಜವಲ್ಲ, 8 ತಿಂಗಳು ಗಟ್ಟಿಯಾಗಿ ನಿಂತವರ ನೋವೂ ನಾಟಕವಲ್ಲ. ಕದ್ದು ನೋಡುವುದನ್ನು ಬಿಟ್ಟು, ಏನನ್ನು ನೋಡಬಹುದೆಂದು ಇಬ್ಬರೂ ಕುಳಿತು ಮಾತಾಡಿಕೊಳ್ಳಿ. ತಡವಾಗುವುದಾದರೆ ಅವರೇ ಮೊದಲು ಫೋನ್ ಮಾಡಲಿ. ನೀವು ಡಿಕ್ಕಿಗೆ ಕೈಹಾಕಬೇಡಿ. ಹಣವನ್ನು ಮತ್ತೆ ಅವರ ಕೈಗೆ ಒಪ್ಪಿಸುವುದರಲ್ಲಿ ಅವಸರ ಬೇಡ: ಮೊದಲು ವಾರದ ತರಕಾರಿ ದುಡ್ಡು, ಮುಂದೆ ಕರೆಂಟ್ ಬಿಲ್ಲು, ಎಟಿಎಂ ಕಾರ್ಡು ಕೊನೆಗೆ.

ಒಂದು ಸಂಜೆ ಅವರೇ, ‘ಸಂಬಳ ಆಯಿತು, ಜತೆಯವರು ಬಾರಿಗೆ ಕರೆದರು, ಮನಸ್ಸೂ ಎಳೆಯಿತು, ಹೋಗಲಿಲ್ಲ’ ಎನ್ನಬಹುದು. ಆಗ ‘ಮನಸ್ಸು ಎಳೆಯಿತಾ?’ ಎಂದು ಸಿಡಿದರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಕೇಳಿಸಿಕೊಳ್ಳಿ, ಊಟ ಬಡಿಸಿ.

ಅವರದು ಧರ್ಮಸ್ಥಳ ಯೋಜನೆಯ ಶಿಬಿರವಾಗಿದ್ದರೆ, ಪಾನಮುಕ್ತರಿಗಾಗಿ ಇರುವ ನವಜೀವನ ಸಮಿತಿಯ ಸಭೆಗಳನ್ನು ಅವರು ತಪ್ಪಿಸದಿರಲಿ. ನಿಮ್ಮ ನಿದ್ದೆಗೆಟ್ಟ ರಾತ್ರಿಗಳಿಗೂ ಆಸರೆ ಬೇಕು; ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಮತ್ತೆ ಕುಡಿದ ದಿನ ಏನು ಮಾಡಬೇಕೆಂಬುದನ್ನೂ, ಅವರು ಸಮಾಧಾನದಿಂದಿರುವ ಈಗಲೇ, ಇಬ್ಬರೂ ಸೇರಿ ಬರೆದಿಡಿ: ಸ್ಕೂಟರಿನ ಕೀ ನಿಮ್ಮ ಕೈಗೆ, ಆ ರಾತ್ರಿ ವಾದವಿಲ್ಲ, ಬೆಳಿಗ್ಗೆ ವೈದ್ಯರ ಬಳಿಗೆ.