ಮೊದಲ ಪ್ರಾಂಗ್‌ಹಾರ್ನ್ ಬೇಟೆಗೆ ಯಾವ ಬಯಲು?

ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿರುವ ಹಾವೇರಿ ಕಡೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿರುವ ಅವರು ಬರುವ ಅಕ್ಟೋಬರ್‌ನಲ್ಲಿ ನಾಲ್ಕು ದಿನ ರಜೆ ಹಾಕಿ, ಗೈಡ್ ಇಲ್ಲದೆ, ನೆರೆಯ ವಯೋಮಿಂಗ್ ರಾಜ್ಯದ ಸಾರ್ವಜನಿಕ ಭೂಮಿಯಲ್ಲಿ ಪ್ರಾಂಗ್‌ಹಾರ್ನ್ (ಜಿಂಕೆಯಂತೆ ಕಾಣುವ ಅಮೆರಿಕದ ಬಯಲುಪ್ರಾಣಿ) ಬೇಟೆಯಾಡಬೇಕೆಂದಿದ್ದಾರೆ. ನಕ್ಷೆಯಲ್ಲಿ ರೆಡ್ ಡೆಸರ್ಟ್ ಕಡೆಯೆಲ್ಲ ಹಳದಿ, ಅಂದರೆ ಸರ್ಕಾರಿ ಭೂಮಿ. ಆದರೆ ಅಲ್ಲಿನ ಪರವಾನಗಿಗೆ ಹಲವು ವರ್ಷ ಪ್ರಿಫರೆನ್ಸ್ ಪಾಯಿಂಟ್, ಅಂದರೆ ಪರವಾನಗಿ ಹಂಚುವ ಡ್ರಾದಲ್ಲಿ ಆದ್ಯತೆ ಕೊಡುವ ಅಂಕ, ಕೂಡಿಸಬೇಕು. ಈಶಾನ್ಯದ ಜಿಲೆಟ್ ಕಡೆ ಪರವಾನಗಿ ಸುಲಭ. ಆದರೆ ನಕ್ಷೆಯೆಲ್ಲ ಬಿಳಿ, ಅಂದರೆ ಖಾಸಗಿ ಭೂಮಿ, ನಡುನಡುವೆ ಹಳದಿಯ ತುಣುಕುಗಳು. ಗೆಳೆಯರು ಪಾಯಿಂಟ್ ಕೂಡಿಸಿಕೊಂಡು ಕಾಯಲು ಹೇಳುತ್ತಿದ್ದಾರೆ. ಅವರು ಎಚ್-1ಬಿ ವೀಸಾದಲ್ಲಿದ್ದು, ರೈಫಲ್ ಗೆಳೆಯರದು. ಆ ಹೊತ್ತಿಗೆ ಊರಿನಿಂದ ಬರಲಿರುವ ತಂದೆಯವರನ್ನು ಜೊತೆಗೆ ಕರೆದೊಯ್ಯಬಹುದೇ ಎಂದೂ ಕೇಳಿದ್ದಾರೆ.

ಮಾನ್ಯರೆ,

ಮೊದಲು ನೇರ ಉತ್ತರ. ಕಾಯಬೇಡಿ. ಮೊದಲ ಬೇಟೆಗೆ ಪ್ರದೇಶವನ್ನು ಆರಿಸುವಾಗ ಅಲ್ಲಿ ಎಷ್ಟು ಪ್ರಾಣಿಗಳಿವೆ, ಎಷ್ಟು ಎಕರೆ ಸರ್ಕಾರಿ ಭೂಮಿ ಇದೆ ಎಂಬ ಎರಡು ಲೆಕ್ಕಗಳಿಗಿಂತ, ಆ ಭೂಮಿಯಲ್ಲಿ ನೀವು ಯಾರ ಅಪ್ಪಣೆಯನ್ನೂ ಕೇಳದೆ ಕಾನೂನುಬದ್ಧವಾಗಿ ಕಾಲಿಡಬಹುದಾದ ಭಾಗ ಎಷ್ಟು, ಮತ್ತು ಬೇಟೆಗೆ ಮೊದಲು ಅದನ್ನು ನೋಡಿ ಬರುವುದು ನಿಮಗೆ ಸಾಧ್ಯವೇ ಎಂಬ ಎರಡು ಪ್ರಶ್ನೆಗಳು ಹೆಚ್ಚು ಮುಖ್ಯ. ನಿಮ್ಮ ಪತ್ರದಲ್ಲಿ ಈ ಎರಡೂ ಇಲ್ಲ.

ಕೇಂದ್ರ ಸರ್ಕಾರದ ಭೂಮಿಯನ್ನು ನಿರ್ವಹಿಸುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ವಯೋಮಿಂಗ್‌ನಲ್ಲಿ ಸುಮಾರು 1.8 ಕೋಟಿ ಎಕರೆ ಭೂಮಿಯನ್ನು ನೋಡಿಕೊಳ್ಳುತ್ತದೆ. ಅದರ ನಕ್ಷೆಗಳಲ್ಲಿ ಈ ಭೂಮಿ ಹಳದಿ, ರಾಜ್ಯ ಸರ್ಕಾರದ ಭೂಮಿ ನೀಲಿ, ಅರಣ್ಯ ಇಲಾಖೆಯದು ಹಸಿರು, ಖಾಸಗಿ ಭೂಮಿ ಬಿಳಿ. ಬಣ್ಣ ಮಾಲೀಕತ್ವವನ್ನು ಮಾತ್ರ ಹೇಳುತ್ತದೆ, ದಾರಿಯನ್ನು ಹೇಳುವುದಿಲ್ಲ. ನಾಲ್ಕೂ ಕಡೆ ದನ ಸಾಕುವ ದೊಡ್ಡ ಖಾಸಗಿ ರ‍್ಯಾಂಚ್‌ಗಳಿಂದ ಸುತ್ತುವರಿದ ಹಳದಿ ತುಣುಕು ಸಾವಿರಾರು ಎಕರೆಯದಾದರೂ, ಅಲ್ಲಿಗೆ ಸಾರ್ವಜನಿಕ ರಸ್ತೆ ಇಲ್ಲದಿದ್ದರೆ ಅದು ನಿಮ್ಮ ಪಾಲಿಗೆ ಇಲ್ಲದ ಭೂಮಿ. ನಕ್ಷೆಯಲ್ಲಿ ಕಾಣುವ ಪ್ರತಿಯೊಂದು ಗೆರೆಯೂ ಸಾರ್ವಜನಿಕ ರಸ್ತೆಯಲ್ಲ ಎಂಬುದನ್ನು ಇದರ ಜೊತೆಗೇ ನೆನಪಿಡಬೇಕು. ಕೌಂಟಿ (ಜಿಲ್ಲೆ) ರಸ್ತೆಗಳು ಸಾರ್ವಜನಿಕ. ಅವುಗಳಿಂದ ಕವಲೊಡೆಯುವ ಗಾಡಿಜಾಡುಗಳಲ್ಲಿ ಅನೇಕವು ರ‍್ಯಾಂಚಿನವರ ಸ್ವಂತ ಬಳಕೆಯವು. ಈಶಾನ್ಯ ಭಾಗದಲ್ಲಿ ಪರವಾನಗಿ ಸುಲಭವಾಗಿ ಸಿಗುವುದಕ್ಕೆ ಪ್ರಾಣಿಗಳ ಸಮೃದ್ಧಿ ಒಂದು ಕಾರಣವಾದರೆ, ಹೊರಗಿನವರು ಕಾಲಿಡಲು ಜಾಗ ಕಡಿಮೆ ಇರುವುದು ಇನ್ನೊಂದು ಕಾರಣ. ವಯೋಮಿಂಗ್ ಗೇಮ್ ಅಂಡ್ ಫಿಶ್ ಇಲಾಖೆ ತನ್ನ ಅರ್ಜಿ ಪುಸ್ತಿಕೆಯಲ್ಲಿ ಸಾರ್ವಜನಿಕ ಪ್ರವೇಶ ಕಷ್ಟವಿರುವ ಪ್ರದೇಶಗಳನ್ನು ಗುರುತಿಸಿ ಎಚ್ಚರಿಸುತ್ತದೆ. ಆ ಗುರುತನ್ನು ಗಮನಿಸದೆ ಅರ್ಜಿ ಹಾಕಿದವರು ಪರವಾನಗಿ ಕೈಯಲ್ಲಿ ಹಿಡಿದು ಬೇಲಿಯ ಹೊರಗೆ ನಿಲ್ಲಬೇಕಾಗುತ್ತದೆ.

ಇನ್ನು ನಿಮ್ಮನ್ನು ಅಷ್ಟೊಂದು ಸೆಳೆದಿರುವ, ರೆಡ್ ಡೆಸರ್ಟ್ ಇರುವ ದಕ್ಷಿಣದ ಕಡೆಗೆ ಬರೋಣ. 1862 ಮತ್ತು 1864ರ ಕಾಯ್ದೆಗಳ ಪ್ರಕಾರ ಯೂನಿಯನ್ ಪೆಸಿಫಿಕ್ ರೈಲ್ವೆಗೆ ಹಳಿಯ ಎರಡೂ ಬದಿಯ 20 ಮೈಲಿಗಳವರೆಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ಸೆಕ್ಷನ್‌ಗಳನ್ನು ಕೊಡಲಾಯಿತು. ಒಂದು ಸೆಕ್ಷನ್ ಎಂದರೆ 640 ಎಕರೆ. ಇಂದಿಗೂ ಬಹುತೇಕ ಅದೇ ಹಾದಿಯಲ್ಲಿ ಸಾಗುವ ಅಂತರರಾಜ್ಯ ಹೆದ್ದಾರಿ 80ರ ಆಚೀಚೆಗಿನ ನಕ್ಷೆ ಚದುರಂಗದ ಹಾಸಿನಂತೆ ಕಾಣುವುದು ಅದೇ ಕಾರಣಕ್ಕೆ: ಸರ್ಕಾರಿ ಸೆಕ್ಷನ್‌ಗಳು ಒಂದಕ್ಕೊಂದು ಮೂಲೆಯಲ್ಲಿ ಮಾತ್ರ ತಾಗುತ್ತವೆ. ಮೂಲೆಯಿಂದ ಮೂಲೆಗೆ ಖಾಸಗಿ ನೆಲವನ್ನು ಮುಟ್ಟದೆ ದಾಟಬಹುದೇ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. 2021ರಲ್ಲಿ ಎಲ್ಕ್ ಮೌಂಟನ್ ಬಳಿ ಹಾಗೆ ದಾಟಿದ ಮಿಸೌರಿಯ ಬೇಟೆಗಾರರ ಮೇಲೆ ಹೂಡಿದ ಸಿವಿಲ್ ಮೊಕದ್ದಮೆಯಲ್ಲಿ, 1885ರ ಅಕ್ರಮ ಬೇಲಿ ನಿಷೇಧ ಕಾಯ್ದೆಯನ್ನು ಆಧರಿಸಿ ವಯೋಮಿಂಗ್ ಒಳಗೊಂಡ ಹತ್ತನೇ ಸರ್ಕಿಟ್‌ನ ಕೇಂದ್ರ ಮೇಲ್ಮನವಿ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಬೇಟೆಗಾರರ ಪರ ತೀರ್ಪಿತ್ತಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಸಾಮಾನ್ಯರ ಪಾಲಿಗೆ ಇದು ದೊಡ್ಡ ಗೆಲುವೆಂದೇ ನಾನು ಭಾವಿಸುತ್ತೇನೆ. ಆದರೂ ನಿಮ್ಮ ಮೊದಲ ಬೇಟೆಯನ್ನು ಆ ತೀರ್ಪಿನ ಮೇಲೆ ಕಟ್ಟಬೇಡಿ. ನಿಖರವಾದ ಮೂಲೆ ಎಂದರೆ ನೆಲದಲ್ಲಿ ನೆಟ್ಟ ಸರ್ವೆ ಗುರುತು. ಫೋನಿನ ನಕ್ಷೆ ಕೆಲವು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ, ಮತ್ತು ಆ ಕೆಲವು ಮೀಟರ್‌ಗಳಲ್ಲೇ ಅತಿಕ್ರಮ ಪ್ರವೇಶದ ಆರೋಪ ಹುಟ್ಟುತ್ತದೆ.

ಪಾಯಿಂಟ್‌ಗಳ ವಿಷಯದಲ್ಲಿ ನಿಮ್ಮ ಗೆಳೆಯರ ಸಲಹೆ ತಪ್ಪಲ್ಲ, ಅದು ಬೇರೆ ಉದ್ದೇಶಕ್ಕೆ ಸರಿಹೊಂದುವ ಸಲಹೆ. ಹೊರರಾಜ್ಯದವರ ಪಾಲಿನ ಪರವಾನಗಿಗಳಲ್ಲಿ ಶೇ. 75ರಷ್ಟು ಹೆಚ್ಚು ಪಾಯಿಂಟ್ ಇದ್ದವರಿಗೆ ಹೋಗುತ್ತವೆ, ಉಳಿದ ಶೇ. 25 ಪಾಯಿಂಟ್‌ನ ಹಂಗಿಲ್ಲದ ಲಾಟರಿಗೆ. ದೊಡ್ಡ ಕೊಂಬಿನ ಗಂಡು ಬೇಕೆನ್ನುವವರು ವರ್ಷಗಟ್ಟಲೆ ಕಾಯುವುದು ಅರ್ಥವಾಗುವಂಥದ್ದು. ಆದರೆ ಬಯಲಿನಲ್ಲಿ ದೂರವನ್ನು ಅಂದಾಜು ಮಾಡುವುದು, ಗಾಳಿಗೆ ಗುಂಡು ಎಷ್ಟು ಸರಿಯುತ್ತದೆ ಎಂದು ತಿಳಿಯುವುದು, ಬಿದ್ದ ಪ್ರಾಣಿಯ ಮಾಂಸವನ್ನು ಕೆಡದಂತೆ ಕಾಪಾಡುವುದು ಇವೆಲ್ಲ ಮಾಡಿಯೇ ಕಲಿಯಬೇಕಾದ ಕೆಲಸಗಳು, ಮತ್ತು ಅವನ್ನು ಕಲಿಯುವ ಮೊದಲೇ ಎಂಟು-ಹತ್ತು ವರ್ಷಗಳ ಪಾಯಿಂಟ್‌ಗಳನ್ನು ಒಂದೇ ಪ್ರಯತ್ನಕ್ಕೆ ಸುರಿಯುವುದು ವಿವೇಕವೆಂದು ನನಗೆ ತೋರುವುದಿಲ್ಲ. ಇನ್ನೊಂದು ಅಪಾಯವೂ ಇದೆ. 2022-23ರ ಚಳಿಗಾಲದಲ್ಲಿ ನೈಋತ್ಯ ವಯೋಮಿಂಗ್‌ನ ಆಳವಾದ ಹಿಮದಲ್ಲಿ ಪ್ರಾಂಗ್‌ಹಾರ್ನ್‌ಗಳು ಭಾರಿ ಸಂಖ್ಯೆಯಲ್ಲಿ ಸತ್ತವು, ಪೈನ್‌ಡೇಲ್ ಬಳಿ ಅದೇ ಹೊತ್ತಿಗೆ ಮೈಕೋಪ್ಲಾಸ್ಮಾ ಬೋವಿಸ್ ಸೋಂಕಿನ ನ್ಯುಮೋನಿಯಾವೂ ಸೇರಿಕೊಂಡಿತು, ಇಲಾಖೆ ಪರವಾನಗಿಗಳನ್ನು ತೀವ್ರವಾಗಿ ಕಡಿತಗೊಳಿಸಿತು. ಐದು ವರ್ಷದ ಹಿಂದೆ ಯಾರೋ ಹೊಗಳಿದ ಪ್ರದೇಶ ಈಗಲೂ ಹಾಗೆಯೇ ಇರುತ್ತದೆಂಬ ಖಾತರಿ ಇಲ್ಲ. ಬೇಟೆ ಪ್ರದೇಶಗಳಿಗೆ ಇಲಾಖೆ ಕೊಟ್ಟಿರುವ ಸಂಖ್ಯೆಗಳನ್ನು ನಾನು ಇಲ್ಲಿ ಬರೆಯದಿರುವುದಕ್ಕೂ ಇದೇ ಕಾರಣ.

ಹಾಗಾದರೆ ಎಲ್ಲಿಗೆ? ಫೋರ್ಟ್ ಕಾಲಿನ್ಸ್‌ನಲ್ಲಿ ಇರುವುದೇ ನಿಮ್ಮ ದೊಡ್ಡ ಅನುಕೂಲ. ಉತ್ತರಕ್ಕೆ ಲಾರಮಿ ಸುಮಾರು 65 ಮೈಲು. ಅಂತರರಾಜ್ಯ ಹೆದ್ದಾರಿ 25ರಲ್ಲಿ ಹೋದರೆ ಡಗ್ಲಸ್ ಮತ್ತು ಕ್ಯಾಸ್ಪರ್ ಊರುಗಳು ಅರ್ಧ ದಿನದ ಹಾದಿಯೊಳಗೇ ಇವೆ. ಆಗಸ್ಟ್‌ನ ಒಂದು ಶನಿವಾರ ಹೋಗಿ ಭಾನುವಾರ ಮರಳಬಹುದಾದ ಪ್ರದೇಶ, ಅಲ್ಲಿ ಎಷ್ಟೇ ಕಡಿಮೆ ಪ್ರಾಣಿಗಳಿದ್ದರೂ, ನೀವು ಕಣ್ಣಾರೆ ಕಾಣದ ಪ್ರಸಿದ್ಧ ಪ್ರದೇಶಕ್ಕಿಂತ ನಿಮಗೆ ಮೇಲು. ಈ ದೃಷ್ಟಿಯಿಂದ ನಾನು ಮೊದಲು ನೋಡಲು ಹೇಳುವುದು ಡಗ್ಲಸ್‌ನ ಉತ್ತರಕ್ಕಿರುವ ಥಂಡರ್ ಬೇಸಿನ್ ರಾಷ್ಟ್ರೀಯ ಹುಲ್ಲುಗಾವಲನ್ನು. 1930ರ ದಶಕದ ಬರಗಾಲದಲ್ಲಿ ಬೇಸಾಯ ಕೈಕೊಟ್ಟ, ಹಿಂದೆ ಸರ್ಕಾರವೇ ಸಾಗುವಳಿಗೆ ಹಂಚಿದ್ದ ಹೋಮ್‌ಸ್ಟೆಡ್ ಜಮೀನುಗಳನ್ನು ಕೇಂದ್ರ ಸರ್ಕಾರ ಮರಳಿ ಕೊಂಡು ಮಾಡಿದ ಹುಲ್ಲುಗಾವಲು ಅದು. ವಿಸ್ತೀರ್ಣ ಸುಮಾರು 5.5 ಲಕ್ಷ ಎಕರೆ. ಮಾರಿದವರ ಜಮೀನು ಸರ್ಕಾರಕ್ಕೆ ಬಂದು, ಮಾರದವರದು ಅವರಲ್ಲೇ ಉಳಿದದ್ದರಿಂದ ಅಲ್ಲಿಯೂ ಹಸಿರು ಬಿಳಿ ಬೆರೆತೇ ಇವೆ. ಆದರೂ ಒಟ್ಟಾಗಿ ಕೂಡಿಕೊಂಡ ದೊಡ್ಡ ತುಣುಕುಗಳೂ ಅವುಗಳನ್ನು ಮುಟ್ಟುವ ಕೌಂಟಿ ರಸ್ತೆಗಳೂ ಇವೆ, ಮತ್ತು ಅದನ್ನು ನೋಡಿಕೊಳ್ಳುವ ಅರಣ್ಯ ಇಲಾಖೆಯ ಕಚೇರಿ ಡಗ್ಲಸ್‌ನಲ್ಲೇ ಇದೆ. ಎರಡನೆಯದಾಗಿ, ಮೆಡಿಸಿನ್ ಬೋ ಊರಿನ ಉತ್ತರಕ್ಕಿರುವ ಶರ್ಲಿ ಬೇಸಿನ್. ಅದು ಸೊಗಸಾದ ಬಯಲು, ಆದರೆ ಬೇಡಿಕೆ ಹೆಚ್ಚಾದ್ದರಿಂದ ಗಂಡಿನ ಪರವಾನಗಿ ಸುಲಭವಲ್ಲ.

ಆಯ್ಕೆಯನ್ನು ಪರೀಕ್ಷಿಸಲು ಇಲಾಖೆಯೇ ಪ್ರಕಟಿಸುವ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಡ್ರಾ ವರದಿ ಯಾವ ಪ್ರದೇಶಕ್ಕೆ ಎಷ್ಟು ಪಾಯಿಂಟ್‌ನವರಿಗೆ ಪರವಾನಗಿ ಸಿಕ್ಕಿತು ಎಂದು ಹೇಳುತ್ತದೆ. ಬೇಟೆಯ ವರದಿಯಲ್ಲಿ ಎಲ್ಲರೂ ಯಶಸ್ಸಿನ ಶೇಕಡಾವಾರನ್ನು ಮಾತ್ರ ನೋಡುತ್ತಾರೆ; ಖಾಸಗಿ ರ‍್ಯಾಂಚ್‌ಗಳಲ್ಲಿ ಹಣ ಕೊಟ್ಟು ಬೇಟೆಯಾಡಿದವರೂ ಅದರಲ್ಲಿ ಸೇರಿರುವುದರಿಂದ ಆ ಅಂಕಿ ನಿಮ್ಮಂಥವರಿಗೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಒಂದು ಪ್ರಾಣಿಗೆ ಸರಾಸರಿ ಎಷ್ಟು ದಿನ ಬೇಕಾಯಿತು ಎಂಬ ಅಂಕಿಯನ್ನೂ ಅದರ ಪಕ್ಕದಲ್ಲಿಟ್ಟು ಓದಿ. ಬಳಿಕ ‘ಆಕ್ಸೆಸ್ ಯೆಸ್’ ಯೋಜನೆಯ ನಕ್ಷೆಯನ್ನು ತೆರೆಯಿರಿ. ಈ ಯೋಜನೆಯಡಿ ಇಲಾಖೆ ಜಮೀನುದಾರರೊಂದಿಗೆ ಒಪ್ಪಂದ ಮಾಡಿಕೊಂಡು, ನಡೆದು ಹೋಗಿ ಬೇಟೆಯಾಡಬಹುದಾದ ಜಾಗಗಳನ್ನು ತೆರೆದಿಡುತ್ತದೆ. ಇನ್ನು ಕೆಲವು ಕಡೆ ಉಚಿತ ಅನುಮತಿ ಚೀಟಿ ಪಡೆದು ಹೋಗಬೇಕು. ನಕ್ಷೆಯಲ್ಲಿ ಬಿಳಿಯಾಗಿ ಕಂಡು ನೀವು ಕೈಬಿಟ್ಟ ಪ್ರದೇಶದಲ್ಲೂ ಇಂಥ ಜಾಗ ಸಿಗಬಹುದು. ರಾಜ್ಯದ ನೀಲಿ ಭೂಮಿಯಲ್ಲಿ ಬೇಟೆಗೆ ಅವಕಾಶವಿದೆ, ಆದರೆ ರಾತ್ರಿ ತಂಗುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ರಸ್ತೆ ಬಿಟ್ಟು ವಾಹನ ಓಡಿಸುವಂತಿಲ್ಲ. ಡೇರೆ ಹಾಕುವುದಾದರೆ ಹಳದಿಯಲ್ಲಿ ಹಾಕಿ.

ನೆಲದ ಆಕಾರವನ್ನು ಪತ್ರದಲ್ಲಿ ನೀವು ಪ್ರಸ್ತಾಪಿಸಿಯೇ ಇಲ್ಲ, ನನಗೋ ಅದು ಬಹಳ ಮುಖ್ಯವಾಗಿ ಕಾಣುತ್ತದೆ. ಪ್ರಾಂಗ್‌ಹಾರ್ನ್ ರಾಣೆಬೆನ್ನೂರಿನ ಕೃಷ್ಣಮೃಗದಂತೆ ಬಯಲುಪ್ರಾಣಿಯಾದರೂ ಅದರ ಬಂಧುವಲ್ಲ. ತನ್ನ ಕುಟುಂಬದಲ್ಲಿ ಉಳಿದಿರುವ ಏಕೈಕ ಜೀವಿ, ಇಂದಿನ ಪ್ರಾಣಿಗಳಲ್ಲಿ ಜಿರಾಫೆ ಮತ್ತು ಒಕಾಪಿಗಳಿಗೆ ಹತ್ತಿರದ್ದು. ಕಾಡಿನಲ್ಲಿ ಅಡಗಿ ಬದುಕುವ ಪ್ರಾಣಿ ಅದಲ್ಲ. ಬಹುದೂರ ಕಾಣಬಲ್ಲ ಕಣ್ಣನ್ನೂ ಗಂಟೆಗೆ 80 ಕಿಲೋಮೀಟರ್ ಮೀರುವ ಓಟವನ್ನೂ ನಂಬಿ ಬಟಾಬಯಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಚಪ್ಪಟೆಯಾದ ಸಾವಿರಾರು ಎಕರೆಗಿಂತ, ದಿಣ್ಣೆ ಕೊರಕಲುಗಳಿರುವ ಎರಡು-ಮೂರು ಚದರ ಮೈಲು ಮೇಲು. ಕೊರಕಲಿನೊಳಗೆ ಬಗ್ಗಿ ನಡೆದು, ದಿಣ್ಣೆಯ ಹಿಂದೆ ತೆವಳಿ 200 ಗಜದೊಳಗೆ ಬರಲು ಸಾಧ್ಯವಾಗುವ ನೆಲವನ್ನು ಹುಡುಕಿ. ಮೊದಲ ಬೇಟೆಗೆ ಅದಕ್ಕಿಂತ ದೂರದ ಗುರಿ ಬೇಡ, ಏಕೆಂದರೆ ವಯೋಮಿಂಗ್‌ನ ಗಾಳಿಯಲ್ಲಿ ಗುಂಡು ಎಲ್ಲಿ ತಾಗುವುದೆಂದು ಹೊಸಬರು ಹೇಳಲಾರರು, ಮತ್ತು ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ಬಹಳ ನರಳುತ್ತದೆ. ಬೇಲಿಗಳನ್ನೂ ನೋಡಿ. ಇದು ಸಾಮಾನ್ಯವಾಗಿ ಬೇಲಿಯನ್ನು ಹಾರುವುದಿಲ್ಲ, ಕೆಳತಂತಿಯಡಿ ನುಸುಳುತ್ತದೆ. ನುಸುಳುವ ಜಾಗಗಳಲ್ಲಿ ತಂತಿಗೆ ಕೂದಲು ಅಂಟಿರುತ್ತದೆ, ನೆಲ ಸವೆದಿರುತ್ತದೆ. ಆಗಸ್ಟ್‌ನಲ್ಲಿ ನೀರಿನ ಹೊಂಡಗಳ ಬಳಿ ಕಂಡ ಹಿಂಡು ಮಳೆ ಬಿದ್ದ ಮೇಲೆ ಅಲ್ಲಿರಬೇಕೆಂದಿಲ್ಲ, ಆದರೆ ಬೇಲಿಯ ಆ ದಾರಿಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದೇ ಮಳೆಯಿಂದ ಈಶಾನ್ಯದ ಪೌಡರ್ ನದಿ ಸೀಮೆಯ ಮಣ್ಣುರಸ್ತೆಗಳು ಜಿಗುಟಾಗಿ ನಾಲ್ಕೂ ಚಕ್ರದ ಎಳೆತವಿದ್ದ ಗಾಡಿಯನ್ನೂ ನಿಲ್ಲಿಸಿಬಿಡುವುದರಿಂದ, ಜಲ್ಲಿ ಹಾಕಿದ ರಸ್ತೆಯಿಂದ ನಡೆದು ತಲುಪುವ ಇನ್ನೊಂದು ತುಣುಕನ್ನು ಮೊದಲೇ ಗುರುತಿಸಿಟ್ಟುಕೊಂಡಿರಬೇಕು.

ಅರ್ಜಿಯಲ್ಲಿ ಹೀಗೆ ಮಾಡಿ. ಗಂಡು ಅಥವಾ ಯಾವುದೇ ಪ್ರಾಣಿಗೆ ಸಲ್ಲುವ ಪರವಾನಗಿಯ ಜೊತೆಗೆ, ಹೆಣ್ಣು ಅಥವಾ ಮರಿಗೆ ಮಾತ್ರ ಸಲ್ಲುವ ಕಡಿಮೆ ಬೆಲೆಯ ‘ಟೈಪ್ 6’ ಪರವಾನಗಿಗೂ ಪ್ರತ್ಯೇಕ ಅರ್ಜಿ ಹಾಕಿ. ಅದಕ್ಕೆ ಪಾಯಿಂಟ್ ಖರ್ಚಾಗುವುದಿಲ್ಲ. ಹೆಣ್ಣುಪ್ರಾಣಿಯ ಬೇಟೆಯನ್ನು ಕೀಳೆಂದು ಕಾಣುವವರ ಮಾತಿಗೆ ಕಿವಿಗೊಡಬೇಡಿ. ಹಿಂಡಿನ ಗಾತ್ರವನ್ನು ಮೇವಿಗೆ ತಕ್ಕಂತೆ ಇಡಲು ಇಲಾಖೆ ಅಳೆದು ಕೊಡುವ ಪರವಾನಗಿ ಅದು, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಆದರೆ ನಿಯಮಾವಳಿಯ ಮಿತಿಗಳ ಅಂಕಣವನ್ನು ಪ್ರತಿ ಅಕ್ಷರ ಓದಿ: ಕೆಲವು ಪ್ರದೇಶಗಳಲ್ಲಿ ಈ ಪರವಾನಗಿ ಖಾಸಗಿ ಭೂಮಿಯಲ್ಲಿ ಮಾತ್ರ ಸಲ್ಲುತ್ತದೆ. ಹೊರರಾಜ್ಯದವರ ಅರ್ಜಿಯ ಗಡುವು ಜೂನ್ ಆರಂಭದಲ್ಲಿ ಮುಗಿಯುತ್ತದೆ. ನಿಖರ ದಿನವನ್ನು ಆ ವರ್ಷದ ಪುಸ್ತಿಕೆಯಲ್ಲೇ ನೋಡಿಕೊಳ್ಳಿ.

ನಿಮ್ಮ ವೀಸಾದ ವಿಷಯ ಇದೆಲ್ಲಕ್ಕಿಂತ ಗಂಭೀರವಾದದ್ದು. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ತೋಟೆ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯರ ರೈಫಲನ್ನು ಎರವಲು ಪಡೆದು ಅಭ್ಯಾಸ ಮಾಡುವುದೂ ಹೊಂದುವುದರಲ್ಲೇ ಸೇರುತ್ತದೆ ಎಂದು ತಿಳಿದುಕೊಂಡೇ ನಡೆಯಿರಿ. ವಯೋಮಿಂಗ್‌ನ ಪರವಾನಗಿ ಡ್ರಾ ಆದ ಮೇಲಷ್ಟೇ ಕೈಸೇರುವುದರಿಂದ, ಬೇಸಿಗೆಯಲ್ಲಿ ಗುರಿ ಅಭ್ಯಾಸ ಮಾಡುವ ಮೊದಲು ಕೊಲರಾಡೊದ ಸಣ್ಣ ಪ್ರಾಣಿಗಳ ಬೇಟೆ ಪರವಾನಗಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ, ಮತ್ತು ನಿಮ್ಮ ವಲಸೆ ವಕೀಲರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ. ಈ ಒಂದು ವಿಷಯದಲ್ಲಿ ಪತ್ರಿಕೆಯ ಉತ್ತರವನ್ನು ನಂಬಿಕೊಂಡು ಇರಬಾರದು.

ತಂದೆಯವರು ಖಂಡಿತ ಬರಬಹುದು. ಬಂದೂಕು ಹಿಡಿಯದೆ ಜೊತೆಗೆ ನಡೆಯುವವರಿಗೆ ಪರವಾನಗಿ ಬೇಕಿಲ್ಲ. ಬೇಟೆಗಾರರಿಗೆ ಕಡ್ಡಾಯವಾದ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಹೊರ ಉಡುಪನ್ನು ಅವರಿಗೂ ತೊಡಿಸಿ, ರೈಫಲನ್ನು ಮಾತ್ರ ಅವರ ಕೈಗೆ ಕೊಡಬೇಡಿ, ಏಕೆಂದರೆ ಪ್ರವಾಸಿ ವೀಸಾದಲ್ಲಿ ಬಂದವರಿಗೂ ಅದೇ ಕಾನೂನು ಅನ್ವಯಿಸುತ್ತದೆ. ಆ ಬಯಲಿನಲ್ಲಿ ಅಕ್ಟೋಬರ್‌ನ ಮಧ್ಯಾಹ್ನ ಬಿಸಿಲಾಗಿ ಮುಂಜಾವ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವುದರಿಂದ, ಅವರಿಗೆ ದಪ್ಪ ಉಣ್ಣೆಯ ಬಟ್ಟೆ ಬೇಕು, ಮಾಂಸಕ್ಕೆ ಐಸ್ ತುಂಬಿದ ಎರಡು ದೊಡ್ಡ ಪೆಟ್ಟಿಗೆಗಳು ಬೇಕು. ಚರ್ಮವನ್ನು ತಡಮಾಡದೆ ಸುಲಿದು ಮಾಂಸವನ್ನು ತಣ್ಣಗಾಗಿಸಿದರೆ ಪ್ರಾಂಗ್‌ಹಾರ್ನ್ ಬಹಳ ರುಚಿಯಾದ ಮಾಂಸ. ಬಿಸಿಲಿನಲ್ಲಿ ಗಾಡಿಯ ಹಿಂದೆ ಹಾಗೇ ಹೇರಿಕೊಂಡು ಬಂದವರೇ ಅದಕ್ಕೆ ವಾಸನೆ ಎಂಬ ಕೆಟ್ಟ ಹೆಸರು ತಂದದ್ದು.

— ಸಂಪಾದಕ