ಗಣಿಯ ನೆನಪುಗಳನ್ನು ಉಳಿಸುವ ಬಗೆ

ಪ್ರಶ್ನೆ: ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಅವರ ನೆನಪುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಬೇಕೆಂದಿದ್ದೇನೆ. ಹೇಗೆ ಆರಂಭಿಸಲಿ?
– ಓದುಗರೊಬ್ಬರು, ರಾಬರ್ಟ್‌ಸನ್‌ಪೇಟೆ

ಉತ್ತರ: ದಯವಿಟ್ಟು ತಡಮಾಡಬೇಡಿ. ಗಣಿ ಮುಚ್ಚಿದ್ದು 2001ರಲ್ಲಿ; ಅಲ್ಲಿ ದುಡಿದವರಿಗೆಲ್ಲ ಈಗ ವಯಸ್ಸಾಗಿದೆ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದೂ, ಸುರಂಗಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದದ್ದೂ ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಆ ಆಳದ ಸೆಕೆ ಮೈಗೆ ಹೇಗೆ ತಾಗುತ್ತಿತ್ತು, ಒಳಗೆ ಬಂಡೆ ಸಿಡಿದು ನೆಲ ನಡುಗಿದಾಗ ಮೇಲಿದ್ದ ಮನೆಯವರು ಏನು ಮಾಡುತ್ತಿದ್ದರು ಎಂಬುದನ್ನು ನಿಮ್ಮ ತಾತನಂಥವರೇ ಹೇಳಬೇಕು. ತಮಿಳಿನಲ್ಲೋ ತೆಲುಗಿನಲ್ಲೋ ಮಾತಾಡಿದರೆ ತಡೆಯಬೇಡಿ, ಅದೇ ಆ ಊರಿನ ನಿಜವಾದ ದನಿ. ಅಜ್ಜಿಯಿದ್ದರೆ ಅವರನ್ನೂ ಕೇಳಿ. ಮೊದಲು ಒಪ್ಪಿಗೆ ಪಡೆದು, ಹೆಸರು, ದಿನಾಂಕ, ಸ್ಥಳಗಳನ್ನು ಧ್ವನಿಮುದ್ರಣದಲ್ಲೇ ಹೇಳಿಸಿ, ಪ್ರತಿಗಳನ್ನು ಎರಡು ಕಡೆ ಇರಿಸಿ.